ನೆಟ್‌ವರ್ಕ್ ಬದಲಾದಾಗ ಐಪಿ ಅಡ್ರೆಸ್ ಡಿಕ್ಕಿಯಾಗದಂತೆ ನೋಡಿಕೊಳ್ಳುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಫೋನ್ ವೈಫೈಗೆ ಸೇರಿದೆ, ಸಿಗ್ನಲ್ ಪೂರ್ತಿ ಇದೆ. ಆದರೂ ಒಂದು ಪೇಜ್ ತೆರೆದರೆ ಇನ್ನೊಂದು ತೆರೆಯುವುದಿಲ್ಲ. ಮಾತಾಡುತ್ತಿದ್ದ ಕರೆ ಅರ್ಧಕ್ಕೆ ಕಡಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಸರಿಹೋಗುತ್ತದೆ, ಮತ್ತೆ ಕೆಡುತ್ತದೆ. ಹೀಗೆ ಬಂದು ಹೋಗುವ ತೊಂದರೆ ಕಂಡರೆ ಎಲ್ಲರೂ ಮೊದಲು ರೂಟರನ್ನೇ ಬೈಯುತ್ತಾರೆ. ಎಷ್ಟೋ ಸಲ ಕಾರಣ ಬೇರೆ: ಒಂದೇ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕ್‌ನಲ್ಲಿ ಸಾಧನದ ವಿಳಾಸ, ಎರಡು ಸಾಧನಗಳ ಕೈಯಲ್ಲಿದೆ. ರೂಟರ್ ಒಮ್ಮೆ ಇದರ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ನೆನಪಿಟ್ಟುಕೊಳ್ಳುತ್ತದೆ, ಒಮ್ಮೆ ಅದರದ್ದು. ಪ್ಯಾಕೆಟ್‌ಗಳು ಆ ಕಡೆ ಈ ಕಡೆ ಹಂಚಿಹೋಗುತ್ತವೆ.

ಒಂದೇ ಕಡೆ ಕೂತಿರುವ ಕಂಪ್ಯೂಟರಿಗೆ ಇದು ಅಪರೂಪ. ಓಡಾಡುವ ಸಾಧನಗಳಿಗೆ, ಅಂದರೆ ಫೋನ್, ಲ್ಯಾಪ್‌ಟಾಪ್, ಗೋಡೌನ್‌ನ ಬಾರ್‌ಕೋಡ್ ಸ್ಕ್ಯಾನರ್ ಇಂಥವಕ್ಕೆ, ಜಾಸ್ತಿ. ಯಾಕೆಂದರೆ ಅವು ಹೊಸ ಜಾಗಕ್ಕೆ ಹಳೇ ಅಡ್ರೆಸ್ ಹೊತ್ತುಕೊಂಡು ಬರುತ್ತವೆ. ಈ ಬರಹ ಮುಖ್ಯವಾಗಿ ಎರಡು ಬಗೆಯವರಿಗೆ: ಆಫೀಸು, ಕಾಲೇಜು, ಪಿಜಿ, ಅಪಾರ್ಟ್‌ಮೆಂಟ್ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಮತ್ತು ಇಂಥ ಸಾಧನಗಳಿಗೆ ಸಾಫ್ಟ್‌ವೇರ್ ಬರೆಯುವವರಿಗೆ.

ನಕಲು ಅಡ್ರೆಸ್ ಹುಟ್ಟುವುದು ಎಲ್ಲಿಂದ?

ಐಪಿಯಲ್ಲಿ ಹಳೇ ಐಪಿವಿ4, ಹೊಸ ಐಪಿವಿ6 ಎಂದು ಎರಡು ಬಗೆ. ಐಪಿವಿ6ನಲ್ಲಿ ಅಡ್ರೆಸ್‌ನ ಕೊನೆಯ 64 ಬಿಟ್ ಸಾಮಾನ್ಯವಾಗಿ ಸಾಧನವೇ ಆರಿಸಿಕೊಳ್ಳುತ್ತದೆ. ಒಂದೇ ನೆಟ್‌ವರ್ಕ್‌ನಲ್ಲಿ 1000 ಸಾಧನಗಳು ಮನಬಂದಂತೆ ಆರಿಸಿಕೊಂಡರೂ ಯಾವುದೋ ಎರಡು ಒಂದೇ ಆಗುವ ಸಾಧ್ಯತೆ ಸುಮಾರು 37 ಲಕ್ಷ ಕೋಟಿಯಲ್ಲಿ ಒಂದು. ಈ ಲೆಕ್ಕ ತೋರಿಸಿ "ಹಾಗಾದರೆ ನಕಲು ಇದೆಯಾ ಎಂಬ ಪರೀಕ್ಷೆ ಯಾಕೆ ಬೇಕು, ತೆಗೆದುಬಿಡೋಣ" ಎನ್ನುವವರಿದ್ದಾರೆ. ಲೆಕ್ಕ ಸರಿ, ತೀರ್ಮಾನ ತಪ್ಪು. ಡಿಕ್ಕಿ ಆಗುವುದು ಆಕಸ್ಮಿಕದಿಂದ ಅಲ್ಲ, ಬಹುಪಾಲು ನಕಲು ಮಾಡಿದ್ದರಿಂದ ಮತ್ತು ಮರೆವಿನಿಂದ.

ಮನೆಯಲ್ಲಿ ಲ್ಯಾಪ್‌ಟಾಪಿಗೆ 192.168.1.50 ಎಂದು ಕೈಯಿಂದ ಹಾಕಿರುತ್ತೀರಿ. ಆಫೀಸಿನ ನೆಟ್‌ವರ್ಕ್ ಕೂಡ 192.168.1 ರಿಂದಲೇ ಶುರು, ಅಲ್ಲಿ 50 ಪ್ರಿಂಟರಿನದ್ದು. ವರ್ಚುವಲ್ ಮಷೀನನ್ನು (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಮ್ಯಾಕ್ ಸಮೇತ ಕಾಪಿ ಮಾಡಿರುತ್ತೀರಿ. ರೂಟರ್ ರೀಬೂಟ್ ಆಗಿ ಯಾರಿಗೆ ಯಾವ ಅಡ್ರೆಸ್ ಕೊಟ್ಟಿದ್ದೆ ಎಂಬ ಪಟ್ಟಿ ಅಳಿಸಿಹೋಗಿರುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದ ರೂಟರುಗಳಲ್ಲಿ ಆ ಪಟ್ಟಿ ಸಾಮಾನ್ಯವಾಗಿ ರ್‍ಯಾಮ್‌ನಲ್ಲೇ ಇರುತ್ತದೆ. ಪಿಜಿಗಳಲ್ಲಿ ಇನ್ನೊಂದು ಕಥೆ: ಯಾರೋ ತಮ್ಮ ರೂಮಿಗೆ ಸ್ವಂತ ರೂಟರ್ ತಂದು, ಕೇಬಲನ್ನು ಹೊರಗಿನ ಲೈನಿಗೆಂದು ಇರುವ ವ್ಯಾನ್ ಪೋರ್ಟಿನ ಬದಲು, ಒಳಗಿನ ಸಾಧನಗಳಿಗೆಂದು ಇರುವ ಲ್ಯಾನ್ ಪೋರ್ಟಿಗೆ ಚುಚ್ಚುತ್ತಾರೆ. ಆಗ ಇಡೀ ಕಟ್ಟಡದಲ್ಲಿ ಎರಡು ರೂಟರುಗಳು ಅಡ್ರೆಸ್ ಹಂಚಲು ಶುರು ಮಾಡುತ್ತವೆ.

ಹೆಜ್ಜೆ 1: ನಿಜವಾಗಲೂ ನೆಟ್‌ವರ್ಕ್ ಬದಲಾಗಿದೆಯಾ?

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ವೈಫೈ ಕಡಿದು ಮತ್ತೆ ಸೇರಿತು ಎಂದ ಮಾತ್ರಕ್ಕೆ ಹೊಸ ನೆಟ್‌ವರ್ಕ್ ಅಲ್ಲ. ಕಾಲೇಜಿನ ಮೊದಲ ಮಹಡಿಯಿಂದ ಎರಡನೇ ಮಹಡಿಗೆ ಹೋದಾಗ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆ) ಬದಲಾಗುತ್ತದೆ, ಆದರೆ ಹೆಚ್ಚಾಗಿ ಸಬ್‌ನೆಟ್, ಅಂದರೆ ಅಡ್ರೆಸ್‌ಗಳ ಗುಂಪು, ಅದೇ. ಉಲ್ಟಾ ಕೂಡ ಆಗುತ್ತದೆ: ವೈಫೈ ಹೆಸರು ಒಂದೇ, ನೆಟ್‌ವರ್ಕ್ ಬೇರೆ. ಕಂಪನಿಯಿಂದ ಬಂದ ಹೆಸರನ್ನೇ ಉಳಿಸಿಕೊಂಡ ರೂಟರುಗಳು ಒಂದೇ ಬೀದಿಯಲ್ಲಿ ಎಷ್ಟಿಲ್ಲ! ಹಾಗಾಗಿ ಹೆಸರನ್ನು ಸುಳಿವು ಅಂತ ತೆಗೆದುಕೊಳ್ಳಿ, ಪುರಾವೆ ಅಂತ ಅಲ್ಲ.

ಪುರಾವೆ ಸಿಗುವುದು ಗೇಟ್‌ವೇ, ಅಂದರೆ ಹೊರಗಿನ ನೆಟ್‌ವರ್ಕ್‌ಗೆ ದಾರಿ ಕೊಡುವ ರೂಟರ್ ಹತ್ತಿರ. 2006ರ ಆರ್‌ಎಫ್‌ಸಿ 4436 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ನಿಯಮ, ವಿಧಾನಗಳ ದಾಖಲೆ) ಹೇಳುವ ವಿಧಾನ ಹೀಗಿದೆ. ಪ್ರತಿ ನೆಟ್‌ವರ್ಕ್ ಬಿಡುವಾಗ ಅಲ್ಲಿನ ಗೇಟ್‌ವೇಯ ಐಪಿ, ಮ್ಯಾಕ್, ನಿಮಗೆ ಸಿಕ್ಕಿದ್ದ ಅಡ್ರೆಸ್ ಮತ್ತು ಅದರ ಲೀಸ್ (ಬಳಸಲು ಕೊಟ್ಟ ಅವಧಿ) ಮುಗಿಯುವ ಹೊತ್ತು, ಈ ನಾಲ್ಕನ್ನೂ ಉಳಿಸಿಕೊಳ್ಳಿ. ಮತ್ತೆ ಸೇರಿದಾಗ ಲೀಸ್ ಇನ್ನೂ ಬಾಕಿ ಇದ್ದರೆ, ಆ ಹಳೇ ಗೇಟ್‌ವೇಯ ಮ್ಯಾಕ್‌ಗೆ ಮಾತ್ರ ಒಂದು ಎಆರ್‌ಪಿ ಪ್ರಶ್ನೆ (ಈ ಐಪಿ ಯಾವ ಮ್ಯಾಕ್‌ನದ್ದು ಎಂದು ಕೇಳುವುದು) ಕಳಿಸಿ. ಉತ್ತರ ಬಂದರೆ ಅದೇ ನೆಟ್‌ವರ್ಕ್. ಹಳೇ ಅಡ್ರೆಸ್ ನಿಮ್ಮ ಹೆಸರಿನಲ್ಲೇ ಇದೆ, ಕೂಡಲೇ ಬಳಸಬಹುದು.

ಇಲ್ಲೊಂದು ಸೂಕ್ಷ್ಮ ಇದೆ. ಈ ಪ್ರಶ್ನೆಯನ್ನು ಎಲ್ಲರಿಗೂ ಬ್ರಾಡ್‌ಕಾಸ್ಟ್ ಮಾಡಬಾರದು. ಅದರಲ್ಲಿ ನಿಮ್ಮ ಹಳೇ ಐಪಿ ಇರುತ್ತದೆ. ಅಕಸ್ಮಾತ್ ಇದು ಬೇರೆ ನೆಟ್‌ವರ್ಕ್ ಆಗಿದ್ದು, ಅಲ್ಲಿ ಆ ಐಪಿ ಇನ್ನೊಬ್ಬರದ್ದಾಗಿದ್ದರೆ, ಕೇಳಿಸಿಕೊಂಡವರ ಎಆರ್‌ಪಿ ಪಟ್ಟಿಯೆಲ್ಲ ಕೆಡುತ್ತದೆ. ಡಿಕ್ಕಿ ತಪ್ಪಿಸಲು ಹೋಗಿ ನೀವೇ ಡಿಕ್ಕಿ ಮಾಡಿದಂತೆ.

ಉತ್ತರಕ್ಕೆ ಕಾಯುತ್ತಾ ಕೂರಬೇಡಿ. ಜೊತೆಜೊತೆಗೇ ಅಡ್ರೆಸ್ ಹಂಚುವ ಡಿಎಚ್‌ಸಿಪಿ ಸರ್ವರ್‌ಗೂ "ಈ ಅಡ್ರೆಸ್ ನನಗೇ ಮುಂದುವರಿಯಲಿ" ಎಂಬ ಕೋರಿಕೆ ಕಳಿಸಿ. ಸರ್ವರ್ "ಇಲ್ಲ" ಎಂದರೆ ಗೇಟ್‌ವೇ ಏನೇ ಹೇಳಿರಲಿ, ಹಳೇ ಅಡ್ರೆಸ್ ಬಿಟ್ಟುಬಿಡಿ.

ಐಪಿವಿ6ಗೆ ಇದೇ ಕೆಲಸವನ್ನು 2010ರ ಆರ್‌ಎಫ್‌ಸಿ 6059 ಮಾಡುತ್ತದೆ. ಅಲ್ಲಿ ರೂಟರಿನ ಲಿಂಕ್-ಲೋಕಲ್ (ಆ ನೆಟ್‌ವರ್ಕ್‌ನೊಳಗೆ ಮಾತ್ರ ನಡೆಯುವ) ಅಡ್ರೆಸ್ ಒಂದನ್ನೇ ನಂಬಬೇಡಿ. ಎಫ್‌ಇ80::1 ಎಂಬ ಅಡ್ರೆಸ್ ಸಾವಿರಾರು ರೂಟರುಗಳಲ್ಲಿ ಇದೆ. ಅಡ್ರೆಸ್ ಮತ್ತು ಮ್ಯಾಕ್ ಎರಡೂ ಸೇರಿ ಹೊಂದಬೇಕು.

ಹೆಜ್ಜೆ 2: ಐಪಿವಿ4ನಲ್ಲಿ ಕೇಳಿ ಕೂರುವುದು

ನೆಟ್‌ವರ್ಕ್ ಹೊಸದು ಎಂದು ಖಾತ್ರಿಯಾಯಿತು, ಡಿಎಚ್‌ಸಿಪಿ ಒಂದು ಅಡ್ರೆಸ್ ಕೊಟ್ಟಿತು. ಈಗ ಅದು ಖಾಲಿ ಇದೆಯಾ ಎಂದು ನೀವೇ ನೋಡಬೇಕು. "ಸರ್ವರ್ ಕೊಟ್ಟಿದ್ದೇ, ಇನ್ನೇನು" ಎನ್ನುವ ಹಾಗಿಲ್ಲ. ಸರ್ವರ್ ಕೊಡುವ ಮುಂಚೆ ಪಿಂಗ್ ಮಾಡಿ ("ಇದ್ದೀರಾ?" ಎಂದು ಕೇಳಿ) ನೋಡಿರಬಹುದು, ಆದರೆ ಎಷ್ಟೋ ಸಾಧನಗಳ ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡುವುದೇ ಇಲ್ಲ. ಎಆರ್‌ಪಿ ಹಾಗಲ್ಲ. ಅದಕ್ಕೆ ಉತ್ತರ ಕೊಡದೆ ಆ ಸಾಧನ ನೆಟ್‌ವರ್ಕ್‌ನಲ್ಲಿ ಬದುಕುವುದೇ ಕಷ್ಟ.

ವಿಧಾನ 2008ರ ಆರ್‌ಎಫ್‌ಸಿ 5227ರಲ್ಲಿದೆ. ಮೊದಲು 0ಯಿಂದ 1 ಸೆಕೆಂಡಿನೊಳಗೆ ಎಷ್ಟಾದರೂ ಸರಿ, ಒಂದು ರ್‍ಯಾಂಡಮ್ ಹೊತ್ತು ಕಾಯಿರಿ. ಕರೆಂಟ್ ಹೋಗಿ ಬಂದಾಗ ಎಲ್ಲ ಸಾಧನಗಳೂ ಒಟ್ಟಿಗೆ ಕೂಗಬಾರದು, ಅದಕ್ಕೆ. ಆಮೇಲೆ 3 ಪ್ರೋಬ್ ಕಳಿಸಿ, ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ 1ರಿಂದ 2 ಸೆಕೆಂಡ್. ಕೊನೆಯ ಪ್ರೋಬ್ ಆದ ಮೇಲೆ 2 ಸೆಕೆಂಡ್ ಕಾಯಿರಿ. ಯಾರೂ ದನಿ ಎತ್ತದಿದ್ದರೆ ಅಡ್ರೆಸ್ ನಿಮ್ಮದು. ಆಗ 2 ಸೆಕೆಂಡ್ ಅಂತರದಲ್ಲಿ 2 ಘೋಷಣೆ ಕಳಿಸಿ.

ಪ್ರೋಬ್ ಬೇರೆ, ಘೋಷಣೆ ಬೇರೆ. ಬಸ್ಸಿನಲ್ಲಿ "ಇಲ್ಲಿ ಯಾರಾದ್ರೂ ಬರ್ತಾರಾ?" ಎಂದು ಕೇಳುವುದು ಪ್ರೋಬ್, ಸೀಟಿನ ಮೇಲೆ ಟವೆಲ್ ಹಾಕುವುದು ಘೋಷಣೆ. ಪ್ರೋಬ್‌ನಲ್ಲಿ ಕಳಿಸುವವರ ಐಪಿ ಜಾಗದಲ್ಲಿ 0.0.0.0 ಇರುತ್ತದೆ, ಕೇಳುತ್ತಿರುವ ಅಡ್ರೆಸ್ ಗುರಿಯ ಜಾಗದಲ್ಲಿ ಇರುತ್ತದೆ. ಹಾಗಾಗಿ ಯಾರ ಪಟ್ಟಿಯೂ ಕೆಡುವುದಿಲ್ಲ. ಘೋಷಣೆಯಲ್ಲಿ ಎರಡೂ ಜಾಗದಲ್ಲಿ ನಿಮ್ಮ ಹೊಸ ಅಡ್ರೆಸ್. ಕೇಳುವ ಮೊದಲೇ ಘೋಷಣೆ ಕಳಿಸುವ ಸಾಫ್ಟ್‌ವೇರ್ ಕಂಡರೆ ಅದನ್ನು ತಿದ್ದಿ.

ಡಿಕ್ಕಿ ಎಂದು ಗುರುತಿಸಲು ಎರಡು ಲಕ್ಷಣ. ಬೇರೆ ಮ್ಯಾಕ್‌ನಿಂದ ಬಂದ ಯಾವುದೇ ಎಆರ್‌ಪಿ ಪ್ಯಾಕೆಟ್‌ನಲ್ಲಿ, ಪ್ರಶ್ನೆಯಾಗಲಿ ಉತ್ತರವಾಗಲಿ, ಕಳಿಸಿದವರ ಐಪಿ ನೀವು ಬಯಸಿದ ಅಡ್ರೆಸ್ ಆಗಿದ್ದರೆ, ಅದು ಅವರದ್ದು. ಅಥವಾ ಬೇರೆಯವರೂ ಅದೇ ಹೊತ್ತಿಗೆ ಅದೇ ಅಡ್ರೆಸ್‌ಗೆ ಪ್ರೋಬ್ ಕಳಿಸುತ್ತಿದ್ದರೆ, ಆಗಲೂ ಬಿಟ್ಟುಕೊಡಿ. ಈ ಎರಡನೆಯದನ್ನು ಪರೀಕ್ಷಿಸದ ಕೋಡ್ ಬಹಳ ಇದೆ.

ಡಿಕ್ಕಿ ಸಿಕ್ಕರೆ ಸುಮ್ನೆ ಬೇರೆ ಅಡ್ರೆಸ್ ಕೇಳಬೇಡಿ. ಸರ್ವರ್‌ಗೆ ಡಿಎಚ್‌ಸಿಪಿ ಡಿಕ್ಲೈನ್ ಕಳಿಸಿ. ಆಗ ಸರ್ವರ್ ಆ ಅಡ್ರೆಸ್ಸನ್ನು ಬದಿಗಿಡುತ್ತದೆ, ನಿಮ್ಮ ಹಿಂದೆ ಬರುವವರಿಗೆ ಅದೇ ಗುಂಡಿ ಸಿಗುವುದಿಲ್ಲ. ಕನಿಷ್ಠ 10 ಸೆಕೆಂಡ್ ಬಿಟ್ಟು ಮತ್ತೆ ಶುರು ಮಾಡಿ.

ಲೆಕ್ಕ ಹಾಕಿ ನೋಡಿ: ಬೇಗ ಎಂದರೆ 4 ಸೆಕೆಂಡ್, ತಡ ಎಂದರೆ 7 ಸೆಕೆಂಡ್. ಕೈಯಲ್ಲಿ ಕರೆ ಇರುವವರಿಗೆ ಇದು ಬಹಳ. ಅದಕ್ಕೇ ಹೆಜ್ಜೆ 1 ಅಷ್ಟು ಮುಖ್ಯ. ಹೊಸ ನೆಟ್‌ವರ್ಕ್ ಅಲ್ಲದಾಗ ಈ ಕಾಯುವಿಕೆಯೇ ಇಲ್ಲ.

ಹೆಜ್ಜೆ 3: ಐಪಿವಿ6ನಲ್ಲಿ

ಇಲ್ಲಿ ಪರೀಕ್ಷೆ ನಿಯಮದಲ್ಲೇ ಸೇರಿದೆ. ಆರ್‌ಎಫ್‌ಸಿ 4862 ಪ್ರಕಾರ ಪ್ರತಿ ಹೊಸ ಯೂನಿಕಾಸ್ಟ್ (ಒಂದೇ ಸಾಧನಕ್ಕೆ ಸೇರಿದ) ಅಡ್ರೆಸ್ ಮೊದಲು "ತಾತ್ಕಾಲಿಕ" ಸ್ಥಿತಿಯಲ್ಲಿರುತ್ತದೆ, ಪರೀಕ್ಷೆ ಮುಗಿಯುವ ತನಕ ಬಳಸುವ ಹಾಗಿಲ್ಲ. ಈ ಪರೀಕ್ಷೆಯ ಹೆಸರು ಡುಪ್ಲಿಕೇಟ್ ಅಡ್ರೆಸ್ ಡಿಟೆಕ್ಷನ್, ಇದನ್ನೇ ಎಲ್ಲರೂ ಚಿಕ್ಕದಾಗಿ ಡ್ಯಾಡ್ ಎನ್ನುವುದು.

ಹತ್ತಿರದಿಂದ ನೋಡೋಣ. ನಿಮ್ಮ ಅಡ್ರೆಸ್‌ನ ಕೊನೆ 4512:7788 ಎಂದಿಟ್ಟುಕೊಳ್ಳಿ. ಅದರ ಕೊನೆಯ 24 ಬಿಟ್, ಅಂದರೆ 12:7788, ತೆಗೆದು ಎಫ್‌ಎಫ್02::1:ಎಫ್‌ಎಫ್12:7788 ಎಂಬ ಮಲ್ಟಿಕಾಸ್ಟ್ ಗುಂಪು (ಕಳಿಸಿದ್ದು ಸೇರಿದವರಿಗೆಲ್ಲ ಒಟ್ಟಿಗೆ ತಲುಪುವ ಗುಂಪು) ಆಗುತ್ತದೆ. ಸಾಧನ ಮೊದಲು ಈ ಗುಂಪಿಗೆ ಸೇರಬೇಕು, ಆಮೇಲೆ ಪ್ರಶ್ನೆ ಕಳಿಸಬೇಕು. ಸೇರದೆ ಕೇಳಿದರೆ, ಅದೇ ಹೊತ್ತಿಗೆ ಅದೇ ಅಡ್ರೆಸ್ ಕೇಳುತ್ತಿರುವವರ ಪ್ರಶ್ನೆ ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ಮಲ್ಟಿಕಾಸ್ಟ್ ಮೇಲೆ ಕಣ್ಣಿಡುವ ಸ್ವಿಚ್‌ಗಳು ಗುಂಪಿನಲ್ಲಿಲ್ಲದವರ ಪೋರ್ಟಿಗೆ ಅದನ್ನು ಕಳಿಸುವುದಿಲ್ಲ.

ಪ್ರಶ್ನೆಯ ಮೂಲ ಅಡ್ರೆಸ್ ಬರೀ ಎರಡು ಕೋಲನ್, ಅಂದರೆ ಎಲ್ಲ ಸೊನ್ನೆ. ಒಂದು ಸಲ ಕಳಿಸಿ, 1 ಸೆಕೆಂಡ್ ಕಾಯುವುದು ಮೂಲ ಲೆಕ್ಕ. ಆ ಅಡ್ರೆಸ್ ಇರುವವರು ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟರೆ ಸೋತಂತೆ. ಲಿಂಕ್-ಲೋಕಲ್‌ಗೆ ಒಂದು ಸಲ, ರೂಟರ್ ಪ್ರಿಫಿಕ್ಸ್ (ಅಡ್ರೆಸ್‌ನ ಮೊದಲ ಭಾಗ) ಹೇಳಿದ ಮೇಲೆ ಗ್ಲೋಬಲ್ (ಹೊರಗಿನ ಇಂಟರ್ನೆಟ್‌ನಲ್ಲೂ ನಡೆಯುವ) ಅಡ್ರೆಸ್‌ಗೆ ಇನ್ನೊಂದು ಸಲ. ಎರಡು ಮೂರು ಸೆಕೆಂಡ್ ಹೀಗೇ ಹೋಗುತ್ತದೆ.

ಸೋತರೆ ಏನು? ಅಡ್ರೆಸ್ ಮ್ಯಾಕ್‌ನಿಂದ ಹುಟ್ಟಿದ್ದಾದರೆ ದೊಡ್ಡ ಸುದ್ದಿ: ಬಹುಶಃ ಮ್ಯಾಕ್ ಕೂಡ ನಕಲು. ಅದು ಲಿಂಕ್-ಲೋಕಲ್ ಆಗಿದ್ದರೆ ಆ ಇಂಟರ್‌ಫೇಸ್‌ನಲ್ಲಿ ಐಪಿವಿ6 ನಿಲ್ಲಿಸುವುದೇ ಸರಿ. ಆರ್‌ಎಫ್‌ಸಿ 7217 ರೀತಿಯ (ಮ್ಯಾಕ್ ಬದಲು ಗುಟ್ಟಿನ ಲೆಕ್ಕದಿಂದ ಹುಟ್ಟುವ) ಅಡ್ರೆಸ್ ಆದರೆ ಒಳಗಿನ ಎಣಿಕೆಯನ್ನು ಒಂದು ಹೆಚ್ಚಿಸಿ ಹೊಸ ಅಡ್ರೆಸ್ ಮಾಡಿಕೊಳ್ಳಿ. 3 ಸಲ ಹೊಸದು ಮಾಡಿದರೂ ಆಗದಿದ್ದರೆ ನಿಲ್ಲಿಸಿ, ದೂರು ದಾಖಲಿಸಿ.

ಹೆಜ್ಜೆ 4: ಕಾಯದೆ ಮುಂದುವರಿಯುವುದು

2006ರಲ್ಲಿ ಬಂದ ಆರ್‌ಎಫ್‌ಸಿ 4429 ಓಡಾಡುವ ಸಾಧನಗಳಿಗೆ ದೊಡ್ಡ ಉಪಕಾರ ಮಾಡಿತು. ಅದರ ಹೆಸರು ಆಪ್ಟಿಮಿಸ್ಟಿಕ್ ಡ್ಯಾಡ್. ಪರೀಕ್ಷೆ ನಡೆಯುತ್ತಿರುವಾಗಲೇ ಅಡ್ರೆಸ್ ಬಳಸಬಹುದು, ಆದರೆ ಒಂದು ಕಟ್ಟುಪಾಡು ಇದೆ: ಬೇರೆಯವರ ಪಟ್ಟಿಯಲ್ಲಿ ಈಗಾಗಲೇ ಇರುವ ನಮೂದನ್ನು ನಿಮ್ಮ ಪ್ಯಾಕೆಟ್ ಅಳಿಸಿ ಬರೆಯಬಾರದು. ಅದಕ್ಕಾಗಿ ಉತ್ತರಗಳಲ್ಲಿ ಓವರ್‌ರೈಡ್ ಬಿಟ್ (ಹಳೇ ನಮೂದನ್ನು ಅಳಿಸಿ ಬರೆ ಎನ್ನುವ ಗುರುತು) 0 ಇರಬೇಕು. ಆ ಅಡ್ರೆಸ್‌ನಿಂದ ಕೇಳುವ ಪ್ರಶ್ನೆಗಳಲ್ಲಿ ನಿಮ್ಮ ಮ್ಯಾಕ್ ಹಾಕಬಾರದು. ಡಿಕ್ಕಿ ಇದ್ದರೂ ಮೊದಲಿಂದ ಇದ್ದವರಿಗೆ ತೊಂದರೆ ಆಗುವುದಿಲ್ಲ. ತೊಂದರೆ ಆದರೆ ಬಂದವರಿಗೆ. ನ್ಯಾಯವೂ ಅದೇ ಅಲ್ವಾ?

ಲಿನಕ್ಸ್‌ನಲ್ಲಿ ಇದಕ್ಕೆ ಎರಡು ಸೆಟ್ಟಿಂಗ್ ಇವೆ, ಆಪ್ಟಿಮಿಸ್ಟಿಕ್ ಡ್ಯಾಡ್ ಮತ್ತು ಯೂಸ್ ಆಪ್ಟಿಮಿಸ್ಟಿಕ್. ಎರಡನ್ನೂ 1 ಮಾಡಿ. ಕೈಯಿಂದ ಹಾಕಿದ ಅಡ್ರೆಸ್‌ಗೆ ಮಾತ್ರ ಈ ವಿಧಾನ ಬೇಡ. ಕೈತಪ್ಪಿನಿಂದ ಡಿಕ್ಕಿಯಾಗುವ ಸಾಧ್ಯತೆ ಅಲ್ಲಿ ನಿಜವಾಗಿಯೂ ಇದೆ.

ವೇಗ ಬೇಕೆಂದು ಡ್ಯಾಡ್ ಪೂರ್ತಿ ಆಫ್ ಮಾಡುವ ಸಲಹೆ ಅಲ್ಲಲ್ಲಿ ಸಿಗುತ್ತದೆ, ಆಕ್ಸೆಪ್ಟ್ ಡ್ಯಾಡ್ ಅನ್ನು 0 ಮಾಡಿ ಎಂದು. ದಯವಿಟ್ಟು ಮಾಡಬೇಡಿ. ಉಳಿಯುವುದು ಒಂದೆರಡು ಸೆಕೆಂಡ್, ಅದನ್ನು ಆಪ್ಟಿಮಿಸ್ಟಿಕ್ ವಿಧಾನವೇ ಉಳಿಸಿಕೊಡುತ್ತದೆ. ಕಳೆದುಕೊಳ್ಳುವುದು ತಪ್ಪು ಕಂಡುಹಿಡಿಯುವ ಒಂದೇ ದಾರಿ.

ವೈಫೈ ಮಾಡುವ ಮೋಸಗಳು

ಮೇಲಿನದೆಲ್ಲ ಕೇಬಲ್ ಇರುವ ನೆಟ್‌ವರ್ಕ್‌ನಲ್ಲಿ ಅಚ್ಚುಕಟ್ಟಾಗಿ ನಡೆಯುತ್ತದೆ. ವೈಫೈನಲ್ಲಿ ನಾಲ್ಕು ತೊಡಕು.

ಒಂದು, ಆಕ್ಸೆಸ್ ಪಾಯಿಂಟ್‌ನಿಂದ ಹೊರಡುವ ಬ್ರಾಡ್‌ಕಾಸ್ಟ್ ಮತ್ತು ಮಲ್ಟಿಕಾಸ್ಟ್‌ಗೆ ತಲುಪಿತು ಎಂಬ ರಸೀದಿ ಇಲ್ಲ. ಗಾಳಿಯಲ್ಲಿ ಕಳೆದುಹೋದರೆ ಹೋಯಿತು. ಐಪಿವಿ6ನ ಒಂದೇ ಪ್ರಶ್ನೆ ಕಳೆದುಹೋದರೆ ಪರೀಕ್ಷೆಯೇ ನಡೆಯದೆ "ಪಾಸ್" ಆಗುತ್ತದೆ. ಗದ್ದಲದ ನೆಟ್‌ವರ್ಕ್ ಆದರೆ ಡ್ಯಾಡ್ ಟ್ರಾನ್ಸ್‌ಮಿಟ್ಸ್ ಸೆಟ್ಟಿಂಗನ್ನು 1ರಿಂದ 2 ಅಥವಾ 3 ಮಾಡಿ. ಆಪ್ಟಿಮಿಸ್ಟಿಕ್ ಇದ್ದರೆ ಇದರಿಂದ ಬಳಕೆದಾರರಿಗೆ ತಡ ಆಗುವುದಿಲ್ಲ.

ಎರಡು, ಕ್ಲೈಂಟ್ ಐಸೊಲೇಶನ್. ಅತಿಥಿಗಳ ವೈಫೈನಲ್ಲಿ ಒಬ್ಬರ ಪ್ಯಾಕೆಟ್ ಇನ್ನೊಬ್ಬರಿಗೆ ಹೋಗದಂತೆ ತಡೆದಿರುತ್ತಾರೆ. ಸುರಕ್ಷತೆಗೆ ಒಳ್ಳೆಯದು, ಆದರೆ ನಿಮ್ಮ ಪ್ರಶ್ನೆ ನಕಲು ಅಡ್ರೆಸ್ ಇರುವವರಿಗೆ ತಲುಪುವುದಿಲ್ಲ, ಗೇಟ್‌ವೇಗೆ ಮಾತ್ರ ಇಬ್ಬರೂ ಕಾಣುತ್ತಾರೆ. ಇಂಥ ಕಡೆ ಹುಡುಕಬೇಕಾದ್ದು ಗೇಟ್‌ವೇ ಅಥವಾ ಆಕ್ಸೆಸ್ ಪಾಯಿಂಟ್‌ಗಳನ್ನು ನಿಭಾಯಿಸುವ ಕಂಟ್ರೋಲರಿನ ಲಾಗ್‌ನಲ್ಲಿ.

ಮೂರು, ಎಲ್ಲರ ಪರವಾಗಿ ಉತ್ತರ ಕೊಡುವ ಕಂಟ್ರೋಲರುಗಳು. ಪ್ರಾಕ್ಸಿ ಎಆರ್‌ಪಿ ಎಂಬ ಈ ಸೌಲಭ್ಯದಿಂದ ಗಾಳಿಯಲ್ಲಿ ಗದ್ದಲ ಕಡಿಮೆ, ಫೋನಿನ ಬ್ಯಾಟರಿ ಉಳಿಯುತ್ತದೆ. ಆದರೆ ಕಂಟ್ರೋಲರಿನ ಪಟ್ಟಿ ಹಳತಾಗಿದ್ದರೆ, ಎದ್ದುಹೋದವರ ಪರವಾಗಿಯೂ "ಇದ್ದೇನೆ" ಎನ್ನುತ್ತದೆ. ಇಲ್ಲದ ಡಿಕ್ಕಿ ಇದೆಯೆಂದು ಕಾಣುತ್ತದೆ. ಆ ಪಟ್ಟಿಯ ಅವಧಿ ಕಡಿಮೆ ಮಾಡಿ.

ನಾಲ್ಕು, ನಿಮ್ಮ ಪ್ರಶ್ನೆಯೇ ಸುತ್ತಿ ನಿಮಗೆ ವಾಪಸ್ ಬರುವುದು. ನೆಟ್‌ವರ್ಕ್‌ನ ತುಂಡುಗಳನ್ನು ಸೇರಿಸುವ ಬ್ರಿಡ್ಜ್ ಸರಿಯಿಲ್ಲದಿದ್ದರೆ ಹೀಗಾಗುತ್ತದೆ. ಸಾಧನ ಅದನ್ನು ಬೇರೆಯವರ ಪ್ರಶ್ನೆ ಎಂದುಕೊಂಡು ಒಳ್ಳೆಯ ಅಡ್ರೆಸ್ ಬಿಟ್ಟುಬಿಡುತ್ತದೆ. 2015ರ ಆರ್‌ಎಫ್‌ಸಿ 7527 ಪ್ರಶ್ನೆಯ ಒಳಗೆ ಒಂದು ರ್‍ಯಾಂಡಮ್ ಸಂಖ್ಯೆ ಇಟ್ಟು ಇದನ್ನು ಬಗೆಹರಿಸಿತು. ವಾಪಸ್ ಬಂದದ್ದರಲ್ಲಿ ನಿಮ್ಮದೇ ಸಂಖ್ಯೆ ಇದ್ದರೆ ಅದು ಡಿಕ್ಕಿಯಲ್ಲ.

ಮೊಬೈಲ್ ಡೇಟಾಗೆ ಹೋದಾಗ

ಇಲ್ಲಿ ಕೆಲಸ ಕಡಿಮೆ. ನಮ್ಮಲ್ಲಿ 2016ರಲ್ಲಿ ಜಿಯೋ 4ಜಿ ಬಂದ ಮೇಲೆ ಮೊಬೈಲ್‌ನಲ್ಲಿ ಐಪಿವಿ6 ಮಾಮೂಲಾಗಿದೆ. ಮೊಬೈಲ್ ನೆಟ್‌ವರ್ಕ್ ಪ್ರತಿ ಫೋನಿಗೂ ಅದರದ್ದೇ ಆದ 64 ಬಿಟ್ ಪ್ರಿಫಿಕ್ಸ್ ಕೊಡುತ್ತದೆ. ಆ ಪ್ರಿಫಿಕ್ಸ್‌ನಲ್ಲಿ ಬೇರೆ ಯಾರೂ ಇಲ್ಲ, ಡಿಕ್ಕಿ ಆಗುವವರೇ ಇಲ್ಲ. ಹಾಗಾಗಿ ಕಾಯುವುದು ಬೇಕಿಲ್ಲ.

ಹಾಟ್‌ಸ್ಪಾಟ್ ಆನ್ ಮಾಡಿದರೆ ಕಥೆ ಬೇರೆ. ಫೋನ್ ತನ್ನ ಪ್ರಿಫಿಕ್ಸನ್ನೇ ಲ್ಯಾಪ್‌ಟಾಪ್ ಜೊತೆ ಹಂಚಿಕೊಂಡರೆ ಈಗ ಅಕ್ಕಪಕ್ಕದವರು ಹುಟ್ಟಿದರು. ಫೋನಿನ ಸ್ವಂತ ಅಡ್ರೆಸ್ಸನ್ನು ಹಾಟ್‌ಸ್ಪಾಟ್ ಕಡೆಯೂ ಕಾಪಾಡಬೇಕು.

ಮೊಬೈಲ್ ಐಪಿವಿ6 (ಎಲ್ಲಿಗೆ ಹೋದರೂ ಒಂದೇ ಮನೆ ಅಡ್ರೆಸ್ ಉಳಿಸಿಕೊಳ್ಳುವ ವ್ಯವಸ್ಥೆ) ಬಳಸುವವರಿಗೆ ಒಂದು ಮಾತು. ಸಾಧನ ಹೊರಗಿದ್ದಾಗ ಅದರ ಮನೆ ಅಡ್ರೆಸ್‌ನ ಪರೀಕ್ಷೆಯನ್ನು ಮನೆ ನೆಟ್‌ವರ್ಕ್‌ನಲ್ಲಿರುವ ಹೋಮ್ ಏಜೆಂಟ್ ಎಂಬ ರೂಟರ್ ಮಾಡುತ್ತದೆ. ನೋಂದಣಿಗೆ ಉತ್ತರವಾಗಿ 134 ಎಂಬ ಸಂಖ್ಯೆ ಬಂದರೆ ಅಲ್ಲಿ ಡಿಕ್ಕಿ ಇದೆ ಎಂದರ್ಥ. ನೋಂದಣಿ ಚಾಲ್ತಿಯಲ್ಲಿರುವ ತನಕ ಜಾಗ ಬದಲಿಸಿದಾಗಲೆಲ್ಲ ಆ ಪರೀಕ್ಷೆ ಮತ್ತೆ ನಡೆಯುವುದಿಲ್ಲ.

ಕೈಯಾರೆ ಪರೀಕ್ಷಿಸಿ ನೋಡಿ

ಲಿನಕ್ಸ್‌ನಲ್ಲಿ ಐಪಿವಿ4ಗೆ ಆರ್ಪಿಂಗ್ ಎಂಬ ಕಮಾಂಡ್ ಇದೆ. ಈ ಹೆಸರಿನ ಎರಡು ಬೇರೆ ಬೇರೆ ಪ್ರೋಗ್ರಾಮ್‌ಗಳಿವೆ, ಆಯ್ಕೆಗಳೂ ಬೇರೆ. ನಿಮಗೆ ಬೇಕಾದ್ದು ಐಪಿಯುಟಿಲ್ಸ್ ಪ್ಯಾಕೇಜಿನದ್ದು. ಡೆಬಿಯನ್, ಉಬುಂಟುಗಳಲ್ಲಿ ಹುಷಾರಾಗಿ ನೋಡಿ ಹಾಕಿಕೊಳ್ಳಿ. ದೊಡ್ಡಕ್ಷರದ ಡಿ ಆಯ್ಕೆ ಕೊಟ್ಟು, ದೊಡ್ಡಕ್ಷರದ ಐ ಆಯ್ಕೆಗೆ ಇಂಟರ್‌ಫೇಸ್ ಹೆಸರು ಕೊಟ್ಟು, ಚಿಕ್ಕಕ್ಷರದ ಸಿ ಆಯ್ಕೆಗೆ 3 ಕೊಟ್ಟು, ಕೊನೆಗೆ ಅಡ್ರೆಸ್ ಬರೆಯಿರಿ. ಯಾರೂ ಉತ್ತರಿಸದಿದ್ದರೆ ಎಕ್ಸಿಟ್ ಕೋಡ್ 0. ಉತ್ತರ ಬಂದರೆ 1, ಜೊತೆಗೆ ಆ ಸಾಧನದ ಮ್ಯಾಕ್ ಕಾಣುತ್ತದೆ.

ಬೇಕೆಂದೇ ಒಂದು ಡಿಕ್ಕಿ ಮಾಡಿ ನೋಡಿದರೆ ಎಲ್ಲವೂ ಮನಸ್ಸಿಗೆ ಇಳಿಯುತ್ತದೆ. ಮನೆಯ ನೆಟ್‌ವರ್ಕ್‌ನಲ್ಲೇ ಮಾಡಿ, ಆಫೀಸಿನಲ್ಲಿ ಬೇಡ. ಒಂದು ಲ್ಯಾಪ್‌ಟಾಪ್ 192.168.1.40ರಲ್ಲಿ ಇರಲಿ, ಅದರಲ್ಲಿ ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ಪ್ರೋಗ್ರಾಮ್ ತೆರೆದು ಎಆರ್‌ಪಿ ಮಾತ್ರ ಕಾಣುವಂತೆ ಮಾಡಿ. ಹಳೇ ಆಂಡ್ರಾಯ್ಡ್ ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ಐಪಿಯನ್ನು ಸ್ಟ್ಯಾಟಿಕ್ ಮಾಡಿ ಅದೇ 192.168.1.40 ಕೊಡಿ. ಫೋನ್ ಮೊದಲು 0.0.0.0ಯಿಂದ ಕೇಳುತ್ತದಾ, ನೇರವಾಗಿ ಟವೆಲ್ ಹಾಕುತ್ತದಾ ಗಮನಿಸಿ. ಆಮೇಲೆ ಮೂರನೇ ಸಾಧನದಿಂದ ಡಿ ಆಯ್ಕೆ ಇಲ್ಲದೆ, ಚಿಕ್ಕಕ್ಷರದ ಬಿ ಆಯ್ಕೆ ಹಾಕಿ ಆರ್ಪಿಂಗ್ ಮಾಡಿ. ಆ ಬಿ ಮರೆಯಬೇಡಿ. ಅದಿಲ್ಲದಿದ್ದರೆ ಮೊದಲ ಉತ್ತರ ಬಂದ ಕೂಡಲೇ ಆರ್ಪಿಂಗ್ ಅವರೊಬ್ಬರಿಗೇ ಕೇಳಲು ಶುರು ಮಾಡುತ್ತದೆ, ಇನ್ನೊಬ್ಬರು ಮರೆಯಾಗುತ್ತಾರೆ. ಬಿ ಇದ್ದರೆ ಒಂದೇ ಪ್ರಶ್ನೆಗೆ ಎರಡು ಮ್ಯಾಕ್‌ಗಳಿಂದ ಉತ್ತರ ಬರುವುದು ಕಣ್ಣಿಗೇ ಕಾಣುತ್ತದೆ.

ಐಪಿವಿ6ಗೆ ಇನ್ನೂ ಸುಲಭ. ಲಿನಕ್ಸ್‌ನಲ್ಲಿ ಎರಡು ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಕಂಪ್ಯೂಟರಿನೊಳಗಿನ ಪ್ರತ್ಯೇಕ ನೆಟ್‌ವರ್ಕ್‌ಗಳು) ಮಾಡಿ, ವೆತ್ ಜೋಡಿ ಎಂಬ ವರ್ಚುವಲ್ ಕೇಬಲಿನಿಂದ ಸೇರಿಸಿ, ಎರಡೂ ತುದಿಗೆ ಒಂದಾದ ಮೇಲೊಂದರಂತೆ ಒಂದೇ ಅಡ್ರೆಸ್ ಹಾಕಿ. ಎರಡನೆಯದರ ಮುಂದೆ ಮೊದಲು ಟೆಂಟೇಟಿವ್, ಆಮೇಲೆ ಡ್ಯಾಡ್‌ಫೇಲ್ಡ್ ಎಂದು ಬರುತ್ತದೆ. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್‌ಗೆ ಆಲ್ ಆಯ್ಕೆ ಕೊಟ್ಟರೆ ನಕಲಾದ ಅಡ್ರೆಸ್ ಪಕ್ಕ ಡುಪ್ಲಿಕೇಟ್ ಎಂದಿರುತ್ತದೆ. ಇವೆಂಟ್ ಲಾಗ್‌ನಲ್ಲಿ 4199 ಎಂಬ ಸಂಖ್ಯೆ ಹುಡುಕಿದರೆ ಎದುರಾಳಿಯ ಮ್ಯಾಕ್ ಕೂಡ ಸಿಗುತ್ತದೆ.

ಲಿನಕ್ಸ್ ಕರ್ನಲ್ ಐಪಿವಿ4ಗೆ ತಾನಾಗಿ ಈ ಪರೀಕ್ಷೆ ಮಾಡುವುದಿಲ್ಲ, ಇದು ಗೊತ್ತಿರಲಿ. ನೆಟ್‌ವರ್ಕ್‌ಮ್ಯಾನೇಜರ್, ಸಿಸ್ಟಂಡಿ, ಡಿಎಚ್‌ಸಿಪಿಸಿಡಿ ಇಂಥ ಪ್ರೋಗ್ರಾಮ್ ಮಾಡಬೇಕು. ಸ್ವಂತ ಸಾಧನ ತಯಾರಿಸುವವರು ಇದನ್ನು ಖಂಡಿತ ಪರೀಕ್ಷಿಸಿಕೊಳ್ಳಿ.

ಅಡ್ರೆಸ್ ಸಿಕ್ಕ ಮೇಲೂ

ನೀವು ಕೂತ ಮೇಲೆ ಇನ್ನೊಬ್ಬರು ಬಂದು ಅದೇ ಅಡ್ರೆಸ್ ಹಾಕಿಕೊಳ್ಳಬಹುದು. ಹಾಗಾಗಿ ಕಿವಿ ತೆರೆದೇ ಇರಬೇಕು. ಓಡಾಡುವ ಸಾಧನಕ್ಕೆ ನನ್ನ ಆಯ್ಕೆ ಇದು: ಮೊದಲ ಸಲ ಡಿಕ್ಕಿ ಕಂಡರೆ ಒಂದೇ ಒಂದು ಘೋಷಣೆ ಕಳಿಸಿ ನಿಮ್ಮದೆಂದು ಹೇಳಿ. 10 ಸೆಕೆಂಡಿನೊಳಗೆ ಮತ್ತೆ ಕಂಡರೆ ಬಿಟ್ಟುಕೊಟ್ಟು ಹೊಸದು ತೆಗೆದುಕೊಳ್ಳಿ. ಬಿಡದೆ ಹೋರಾಡುವ ಹಕ್ಕು ಗೇಟ್‌ವೇ, ಸರ್ವರ್‌ಗಳಿಗೆ ಇರಲಿ. ಎರಡು ಫೋನ್‌ಗಳು ಹಟಕ್ಕೆ ಬಿದ್ದರೆ ಇಬ್ಬರಿಗೂ ನೆಟ್ ಇರುವುದಿಲ್ಲ.

ಎದುರಾಳಿ ಯಾರೆಂದು ಹುಡುಕಲು ಮ್ಯಾಕ್‌ನ ಮೊದಲ ಮೂರು ಬೈಟ್ ತಯಾರಕರನ್ನು ಹೇಳುತ್ತದೆ. ಆದರೆ ಮ್ಯಾಕ್‌ನ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆಯದ್ದಲ್ಲ. ಫೋನ್ ತಾನೇ ಕಟ್ಟಿಕೊಂಡಿದ್ದಿರಬಹುದು, ವರ್ಚುವಲ್ ಮಷೀನಿನದ್ದೂ ಇರಬಹುದು. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಈಚೆಗೆ ಫೋನ್‌ಗಳು ಪ್ರತಿ ವೈಫೈಗೂ ಬೇರೆ ಮ್ಯಾಕ್ ತೋರಿಸುತ್ತವೆ. ಆಗ ಡಿಎಚ್‌ಸಿಪಿ ಲಾಗ್‌ನಲ್ಲಿ ಸಾಧನದ ಹೆಸರು ನೋಡಿ.

ಎರಡು ಸಾಧನಗಳ ಮ್ಯಾಕ್ ಕೂಡ ಒಂದೇ ಆಗಿದ್ದರೆ ಮೇಲಿನ ಎಆರ್‌ಪಿ ಪರೀಕ್ಷೆ ಸೋಲುತ್ತದೆ. ಬೇರೆಯವರ ಪ್ಯಾಕೆಟ್ ನಿಮ್ಮದೇ ಎಂದು ಕಾಣುತ್ತದೆ. ಅಗ್ಗದ ಈಥರ್ನೆಟ್ ಡಾಂಗಲ್, ಕಾಪಿ ಮಾಡಿದ ವರ್ಚುವಲ್ ಮಷೀನ್‌ಗಳಲ್ಲಿ ಇದು ಆಗುತ್ತದೆ. ಸ್ವಿಚ್‌ನ ಪಟ್ಟಿಯಲ್ಲಿ ಒಂದೇ ಮ್ಯಾಕ್ ಒಂದು ಪೋರ್ಟಿನಿಂದ ಇನ್ನೊಂದಕ್ಕೆ ಜಿಗಿಯುತ್ತಿದ್ದರೆ ಅದೇ ಗುರುತು.

ಕೊನೆಗೆ ನೆಟ್‌ವರ್ಕ್ ನೋಡಿಕೊಳ್ಳುವವರ ಪಾಲಿನ ಕೆಲಸ. ಓಡಾಡುವ ಸಾಧನಕ್ಕೆ ಕೈಯಿಂದ ಐಪಿ ಹಾಕಬೇಡಿ, ಖಾಯಂ ಅಡ್ರೆಸ್ ಬೇಕಾದರೆ ಡಿಎಚ್‌ಸಿಪಿ ಸರ್ವರ್‌ನಲ್ಲಿ ಕಾಯ್ದಿರಿಸಿ. ಹಾಗೆ ಕಾಯ್ದಿರಿಸಿದ ಫೋನ್‌ನಲ್ಲಿ, ಆ ವೈಫೈಗೆ ಮಾತ್ರ, ರ್‍ಯಾಂಡಮ್ ಮ್ಯಾಕ್ ಆಫ್ ಮಾಡಿಸಿ. ಪ್ರಿಂಟರು, ಕ್ಯಾಮೆರಾಗಳ ಅಡ್ರೆಸ್‌ಗಳು ಹಂಚುವ ಸಾಲಿನ ಹೊರಗಿರಲಿ. ಲೀಸ್ ಪಟ್ಟಿ ರೀಬೂಟ್ ಆದರೂ ಉಳಿಯುವ ಜಾಗದಲ್ಲಿರಲಿ. ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿದರೆ ಲ್ಯಾನ್ ಪೋರ್ಟಿಗೆ ಚುಚ್ಚಿದ ರೂಟರ್ ಅಡ್ರೆಸ್ ಹಂಚಲಾರದು. ಇದಾದ ಮೇಲೆ ಸರ್ವರ್ ಲಾಗ್‌ನಲ್ಲಿ ಡಿಕ್ಲೈನ್ ಎಂಬ ಪದ ಹುಡುಕುತ್ತಿರಿ. ಒಂದೇ ಅಡ್ರೆಸ್‌ಗೆ ಅದು ಪದೇಪದೇ ಬರುತ್ತಿದ್ದರೆ, ಆ ಅಡ್ರೆಸ್ಸನ್ನು ಕೈಯಿಂದ ಹಾಕಿಕೊಂಡ ಸಾಧನ ಇನ್ನೂ ಎಲ್ಲೋ ಇದೆ.